ಇಗರ್ಜಿಯ ಬಳಿ ಮನೆ ಕೊಳ್ಳಬಹುದೇ?

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಅನುಚರರ ಮೇಲೂ ಅಲ್ಲಾಹನ ಕರುಣೆ ಮತ್ತು ಶಾಂತಿಯಿರಲಿ.

ಗೌರವಾನ್ವಿತ ಸಹೋದರರೇ, ಅಲ್ಲಾಹನನ್ನು ಭಯಪಟ್ಟು ಬದುಕಬೇಕೆಂದು ಮೊದಲು ನನಗೆ, ಬಳಿಕ ನಿಮಗೆ ಉಪದೇಶಿಸುತ್ತೇನೆ.

ನಮ್ಮ ಕರಾವಳಿಯ ಕುಟುಂಬಗಳಲ್ಲಿ ಕೇಳಿಬರುವ ಪ್ರಶ್ನೆಯೊಂದಿದೆ. ಮನೆ ಚೆನ್ನಾಗಿದೆ, ಬೆಲೆ ಕೈಗೆಟಕುವಂತಿದೆ, ಬಾವಿಯಲ್ಲಿ ನೀರೂ ಇದೆ. ಆದರೆ ಪಕ್ಕದಲ್ಲೇ ಇಗರ್ಜಿ. ಗಂಟೆಯ ಸದ್ದು ಕೇಳುವಲ್ಲಿ ನಮಾಝ್ ಸಿಂಧುವಾಗುತ್ತದೆಯೇ? ಮಕ್ಕಳ ಈಮಾನ್ ಏನಾದೀತು? ಮುಂಗಡ ಕೊಡಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ತಂದೆ ಮಕ್ಕಳ ನಡುವೆ ಮನಸ್ತಾಪವಾಗುವುದೂ ಉಂಟು.

ಮೊದಲು ನಮಾಝಿನ ವಿಚಾರ. ಭೂಮಿಯನ್ನೇ ತನಗೆ ನಮಾಝಿನ ಸ್ಥಳವನ್ನಾಗಿ ಮಾಡಲಾಗಿದೆಯೆಂದು ಪ್ರವಾದಿ(ಸ) ತಿಳಿಸಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ್ದಾರೆ. ಪಕ್ಕದ ಕಟ್ಟಡ ಯಾರದೆಂಬ ಕಾರಣಕ್ಕೆ ನಿಮ್ಮ ನಮಾಝ್ ಕೆಡುವುದಿಲ್ಲ. ಜೆರುಸಲೇಮಿಗೆ ಹೋದ ಖಲೀಫಾ ಉಮರ್(ರ) ಅಲ್ಲಿನ ಪ್ರಮುಖ ಇಗರ್ಜಿಯೊಳಗೆ ನಮಾಝ್ ಮಾಡಲು ಒಪ್ಪದೆ ಹೊರಗೆ ನಿರ್ವಹಿಸಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ಕಾರಣ ದ್ವೇಷವಲ್ಲ. ಉಮರ್ ನಮಾಝ್ ಮಾಡಿದ ಜಾಗವೆಂದು ಮುಂದೆ ಮುಸ್ಲಿಮರು ಅದನ್ನು ಕ್ರೈಸ್ತರಿಂದ ಕಿತ್ತುಕೊಂಡಾರು ಎಂಬ ಅಂಜಿಕೆ. ಆ ಇಗರ್ಜಿಯ ಬಳಿ 1193ರಲ್ಲಿ ಕಟ್ಟಿದ ಉಮರ್ ಮಸೀದಿ ಇಂದಿಗೂ ಇದೆ. ಎರಡೂ ಕಡೆ ಜನರು ತಮ್ಮ ತಮ್ಮ ಪ್ರಾರ್ಥನೆಗೆ ಹೋಗುತ್ತಾರೆ.

ಕುರ್‌ಆನಿನ ಅಲ್‌ಹಜ್ಜ್ ಅಧ್ಯಾಯದ 40ನೇ ಸೂಕ್ತವು ರಕ್ಷಣೆ ಪಡೆಯಬೇಕಾದ ಆರಾಧನಾಲಯಗಳ ಸಾಲಿನಲ್ಲಿ ಮಸೀದಿಯ ಜೊತೆಗೆ ಇಗರ್ಜಿಯನ್ನೂ ಹೆಸರಿಸಿದೆ. ಹಾಗಿರುವಾಗ ಅದರ ನೆರೆಯಲ್ಲಿ ಬದುಕುವುದು ಅಶುಭ ಎಂಬ ಮಾತಿಗೆ ದೀನಿನಲ್ಲಿ ಆಧಾರವಿಲ್ಲ.

ಇನ್ನೊಂದು ಮಾತು. ಹೆಸರು ಕೇಳಿದ ಕೂಡಲೇ ನಮಗೆ ಬಾಡಿಗೆಗೆ ಮನೆ ಇಲ್ಲ ಎನ್ನುವವರಿದ್ದಾರೆ. ಆ ನೋವು ನಮ್ಮಲ್ಲಿ ಅನೇಕರಿಗೆ ಗೊತ್ತು. ನಾವೂ ನೆರೆಯವರ ಧರ್ಮ ನೋಡಿ ಮನೆ ಬೇಡವೆಂದರೆ, ಆ ನೋವನ್ನು ಹೇಳಿಕೊಳ್ಳಲು ನಮಗೆ ಯಾವ ಮುಖವಿದೆ?

ಹಾಗೆಂದು ಕಣ್ಣುಮುಚ್ಚಿ ಕೊಳ್ಳಿರಿ ಎನ್ನುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಹಣ ಎಲ್ಲಿಂದ? ಬಡ್ಡಿಯನ್ನು ಬಿಡದವರ ವಿರುದ್ಧ ಅಲ್ಲಾಹ್ ಮತ್ತು ಅವನ ಸಂದೇಶವಾಹಕರ ಯುದ್ಧ ಘೋಷಣೆಯಿದೆಯೆಂದು ಅಲ್‌ಬಕರದ 279ನೇ ಸೂಕ್ತ ಎಚ್ಚರಿಸುತ್ತದೆ. ಇಗರ್ಜಿಯ ಗಂಟೆಗೆ ಅಂಜುವ ನಾವು ಬಡ್ಡಿಯ ಕಂತಿಗೆ ಅಂಜುವುದಿಲ್ಲವೇಕೆ? ದಾಖಲೆಪತ್ರ ಸರಿಯಿದೆಯೇ? ಜಾಗದ ಮೇಲೆ ಸಾಲವಿದೆಯೇ? ಮಾರುವವರ ಸಹೋದರಿಯರಿಗೆ ಸಲ್ಲಬೇಕಾದ ಪಾಲು ಸಂದಿದೆಯೇ? ಮಕ್ಕಳಿಗೆ ಮದ್ರಸ ಎಷ್ಟು ದೂರ?

ಮಸೀದಿ ದೂರವೆಂಬುದೂ ದೊಡ್ಡ ಅಡ್ಡಿಯಲ್ಲ. ಬನೂ ಸಲಿಮ ಗೋತ್ರದವರು ಮಸೀದಿಯ ಬಳಿಗೆ ಮನೆ ಬದಲಿಸಲು ಹೊರಟಾಗ, ಇದ್ದಲ್ಲೇ ಇರಿ, ನಿಮ್ಮ ಹೆಜ್ಜೆಗಳು ದಾಖಲಾಗುತ್ತವೆ ಎಂಬರ್ಥದಲ್ಲಿ ಪ್ರವಾದಿ(ಸ) ಅವರನ್ನು ತಡೆದರು. ಆದರೆ ಆ ಹೆಜ್ಜೆಗಳನ್ನು ನಾವು ಇಡಬೇಕಲ್ಲ! ದೂರದ ಮನೆ ಕೊಂಡು ಜಮಾಅತನ್ನೇ ಬಿಟ್ಟರೆ ನಷ್ಟ ನಮ್ಮದೇ. ಮಕ್ಕಳ ಈಮಾನ್ ಕೂಡ ಹಾಗೆಯೇ. ಮನೆಯೊಳಗೆ ಸುಬ್‌ಹಿಗೆ ಎದ್ದು ಕುರ್‌ಆನ್ ಓದುವ ತಂದೆ ತಾಯಿ ಇದ್ದರೆ ಹೊರಗಿನ ಗಂಟೆ ಏನೂ ಮಾಡದು. ಅವರಿಲ್ಲದಿದ್ದರೆ ಮಸೀದಿಯ ಗೋಡೆಗೆ ತಾಗಿದ ಮನೆಯೂ ಮಕ್ಕಳನ್ನು ಕಾಯದು.

ಕೊಂಡ ಮೇಲೆ ನೆರೆಕರೆಯ ಹಕ್ಕು ನಿಮ್ಮ ಹೆಗಲೇರುತ್ತದೆ. ಇಗರ್ಜಿ ಅಲ್ಲಿ ಮೊದಲೇ ಇತ್ತು, ನಂತರ ಬಂದವರು ನಾವು. ರವಿವಾರ ಗೇಟಿನ ಬಳಿ ವಾಹನ ನಿಂತೀತು, ಮೊಂತಿ ಹಬ್ಬದ ದಿನ ಸಪ್ಟೆಂಬರ್ 8ರಂದು ಜನ ಸೇರಿಯಾರು. ಜುಮಾದ ದಿನ ನಮ್ಮ ಮಸೀದಿಯ ಎದುರು ಬೈಕುಗಳು ಹೇಗೆ ನಿಲ್ಲುತ್ತವೆಂದು ನೆನಪಿರಲಿ. ಇದನ್ನು ಸಹಿಸಲಾಗದವರು ಕೊಂಡು ಜಗಳವಾಡುವ ಬದಲು ಕೊಳ್ಳದಿರುವುದೇ ಲೇಸು. ಅವರ ಆರಾಧನೆಯಲ್ಲಿ ನಾವು ಭಾಗಿಗಳಲ್ಲ, ಆದರೆ ಅವರ ರೋಗ, ಮರಣ, ಕಷ್ಟಗಳಲ್ಲಿ ಬಾಗಿಲು ತಟ್ಟಬೇಕಾದವರು ನಾವೇ. ಕ್ರಿಸ್ಮಸ್‌ಗೆ ಕುಸ್ವಾರ್ ಕಳುಹಿಸಿದರೆ, ಕೇಕಿಗೆ ಮದ್ಯ ಹಾಕಿದ್ದೀರಾ ಎಂದು ನಗುತ್ತಲೇ ಕೇಳಬಹುದು. ಆಡು ಕೊಯ್ದ ದಿನ ಅಬ್ದುಲ್ಲಾಹಿಬ್ನು ಅಮ್ರ್(ರ) ಮನೆಯವರನ್ನು ಮತ್ತೆ ಮತ್ತೆ ಕೇಳಿದ್ದು, ನಮ್ಮ ಯಹೂದಿ ನೆರೆಯವರಿಗೆ ಕೊಟ್ಟಿರಾ ಎಂದು. ನೆರೆಯವನ ಬಗ್ಗೆ ಜಿಬ್ರೀಲ್(ಅ) ಎಷ್ಟು ಒತ್ತಿ ಹೇಳಿದರೆಂದರೆ ಅವನನ್ನು ವಾರಸುದಾರನನ್ನಾಗಿ ಮಾಡುವರೋ ಎಂದು ಪ್ರವಾದಿ(ಸ)ರಿಗೆ ಅನಿಸಿತ್ತು.

ಆದ್ದರಿಂದ ಸಹೋದರರೇ, ಮನೆಯ ಹೆಂಗಸರನ್ನೂ ಸೇರಿಸಿಕೊಂಡು ಸಮಾಲೋಚಿಸಿರಿ. ಎರಡು ರಕಅತ್ ಇಸ್ತಿಖಾರ ನಮಾಝ್ ಮಾಡಿರಿ. ಅದರ ಪ್ರಾರ್ಥನೆಯನ್ನು ಪ್ರವಾದಿ(ಸ) ಕುರ್‌ಆನಿನ ಅಧ್ಯಾಯ ಕಲಿಸುವಂತೆ ಕಲಿಸುತ್ತಿದ್ದರೆಂದು ಜಾಬಿರ್(ರ) ಹೇಳಿದ್ದಾರೆ. ಬಳಿಕ ಅಲ್ಲಾಹನ ಮೇಲೆ ಭರವಸೆಯಿಟ್ಟು ತೀರ್ಮಾನಿಸಿರಿ.

ಅಲ್ಲಾಹನು ನಮಗೆ ಹಲಾಲ್ ಸಂಪಾದನೆಯ ಸೂರನ್ನೂ ಒಳ್ಳೆಯ ನೆರೆಕರೆಯನ್ನೂ ದಯಪಾಲಿಸಲಿ. ನಮ್ಮನ್ನೂ ಇತರರಿಗೆ ಒಳ್ಳೆಯ ನೆರೆಯವರನ್ನಾಗಿ ಮಾಡಲಿ. ಆಮೀನ್.