ಹಸುವಿನ ಸಗಣಿ ನೋಡುವ ನಾವು ನಮ್ಮ ಆರೋಗ್ಯವನ್ನೂ ನೋಡಿಕೊಳ್ಳೋಣ

(ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರಿಗಾಗಿ ಏರ್ಪಡಿಸಿದ್ದ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ಮಾಡಿದ ಭಾಷಣ)



ಬೆಳಿಗ್ಗೆ ಎದ್ದು ಕೊಟ್ಟಿಗೆಗೆ ಹೋದ ಕೂಡಲೇ ನೀವು ಏನು ನೋಡುತ್ತೀರಿ? ಹಸು ಮೆಲುಕು ಹಾಕುತ್ತಿದೆಯೇ, ರಾತ್ರಿ ಹಾಕಿದ ಮೇವು ತಿಂದಿದೆಯೇ, ಸಗಣಿ ಹೇಗಿದೆ ಎಂದು ನೋಡುತ್ತೀರಿ. ಸಗಣಿಯಲ್ಲಿ ಒಂದು ಎಳೆ ರಕ್ತ ಕಂಡರೂ ಪಶುವೈದ್ಯರಿಗೆ ಹೇಳಿ ಕಳುಹಿಸುತ್ತೀರಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಅದೇ ರಕ್ತ ನಮ್ಮ ಮಲದಲ್ಲಿ ಕಂಡರೆ? "ಉಷ್ಣ ಆಗಿದೆ, ಎಳನೀರು ಕುಡಿದರೆ ಸರಿಹೋಗುತ್ತದೆ" ಎನ್ನುತ್ತೇವೆ. ಇಲ್ಲವೇ "ಮೂಲವ್ಯಾಧಿ ಇರಬೇಕು" ಎಂದು ಸುಮ್ಮನಾಗುತ್ತೇವೆ. ಮನೆಯವರಿಗೂ ಹೇಳುವುದಿಲ್ಲ.

ನಮ್ಮ ಅಣ್ಣನೂ ಹೀಗೆಯೇ ಮಾಡಿದ. ನಾಲ್ಕು ಹಸು ಕಟ್ಟಿದ್ದ. ಒಂದು ವರ್ಷಕ್ಕೂ ಮೇಲೆ ರಕ್ತ ಹೋಗುತ್ತಿದ್ದುದನ್ನು ಯಾರಿಗೂ ಹೇಳದೆ ಮೂಲವ್ಯಾಧಿಯ ಔಷಧಿ ತಿನ್ನುತ್ತಿದ್ದ. ಹಾಲಿನ ಕ್ಯಾನು ಎತ್ತಲು ಕೈಲಾಗದಷ್ಟು ಸುಸ್ತಾದಾಗ, ಜೆ.ಪಿ. ನಗರದಲ್ಲಿರುವ ಮಗಳು ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದಳು. ಗುದನಾಳದಲ್ಲಿ ಗಡ್ಡೆ ಬೆಳೆದು ಯಕೃತ್ತಿಗೂ ಹರಡಿತ್ತು. "ಎಷ್ಟು ದಿನದಿಂದ ರಕ್ತ ಹೋಗುತ್ತಿದೆ?" ಎಂದು ವೈದ್ಯರು ಕೇಳಿದರೆ, "ಹೋದ ವರ್ಷದ ಯುಗಾದಿಯಿಂದ" ಎಂದ. ಅಷ್ಟರಲ್ಲಿ ನಮ್ಮ ಕೊಟ್ಟಿಗೆಗೆ ಪಶುವೈದ್ಯರು ಆರು ಸಲ ಬಂದು ಹೋಗಿದ್ದರು. ಅಣ್ಣ ಮಾತ್ರ ಒಂದು ಸಲವೂ ವೈದ್ಯರ ಹತ್ತಿರ ಹೋಗಿರಲಿಲ್ಲ. ಈಗ ಅವನಿಲ್ಲ.

ಕೆಚ್ಚಲು ಬಾವಿನ ವಿಷಯ ನಿಮಗೆ ಹೇಳಬೇಕಾಗಿಲ್ಲ. ಸುಪ್ತ ಬಾವಿನಲ್ಲಿ ಕೆಚ್ಚಲು ಊದಿರುವುದಿಲ್ಲ, ಹಾಲೂ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಸಿ.ಎಂ.ಟಿ. ದ್ರಾವಣ ಹಾಕಿದಾಗಲೇ ಹಾಲು ಲೋಳೆಯಾಗಿ ಗುಟ್ಟು ಬಯಲಾಗುತ್ತದೆ. ದೊಡ್ಡ ಕರುಳಿನ ಕ್ಯಾನ್ಸರೂ ಹಾಗೆಯೇ. ಅದು ಸಾಮಾನ್ಯವಾಗಿ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಶುರುವಾಗುತ್ತದೆ. ಗಂಟು ಕ್ಯಾನ್ಸರಾಗಲು ಹತ್ತು ವರ್ಷದಷ್ಟು ಕಾಲ ಹಿಡಿಯಬಹುದು. ಎಲ್ಲ ಗಂಟೂ ಕ್ಯಾನ್ಸರಾಗುವುದಿಲ್ಲ. ಆಗುವಂಥದ್ದನ್ನು ಮೊದಲೇ ತೆಗೆದುಬಿಟ್ಟರೆ ಅದು ಕ್ಯಾನ್ಸರಾಗುವ ಮಾತೇ ಇಲ್ಲ. ನಮಗೆ ಸಿಗುವ ಕಾಲಾವಕಾಶ ಇದೇ.

ಇಂಥ ಗಂಟಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಒಸರುತ್ತಿರಬಹುದು. ಮಲದ ಸಣ್ಣ ಮಾದರಿಯಲ್ಲಿ ಅದನ್ನು ಪತ್ತೆ ಹಚ್ಚಬಹುದು. ಹಸುವಿನ ಸಗಣಿಯನ್ನು ಜಂತುಹುಳು ಪರೀಕ್ಷೆಗೆ ಕಳುಹಿಸುವ ಹಾಗೆಯೇ ಇದು. ಸೂಜಿಯಿಲ್ಲ, ನೋವಿಲ್ಲ. ಪರೀಕ್ಷೆಯಲ್ಲಿ ರಕ್ತ ಕಂಡಿತೆಂದರೆ ಕ್ಯಾನ್ಸರ್ ಎಂದರ್ಥವಲ್ಲ, ಬೇರೆ ಕಾರಣಗಳೂ ಇರುತ್ತವೆ. ಆಗ ಕೊಲೊನೋಸ್ಕೋಪಿ ಮಾಡಿಸಿ, ನಳಿಕೆಯ ಮೂಲಕ ಕರುಳನ್ನು ಒಳಗಿನಿಂದ ನೋಡಬೇಕು. ಗಂಟಿದ್ದರೆ ಸಾಮಾನ್ಯವಾಗಿ ಆಗಲೇ ತೆಗೆಯುತ್ತಾರೆ. ರಕ್ತ ಕಾಣದಿದ್ದರೂ ಒಂದು ಸಲಕ್ಕೆ ಮುಗಿಯಲಿಲ್ಲ, ವೈದ್ಯರು ಹೇಳಿದ ಅವಧಿಗೆ ಮತ್ತೆ ಮಾಡಿಸಬೇಕು.

ಈ ಪರೀಕ್ಷೆಯಿಂದ ಪ್ರಾಣ ಉಳಿಯುತ್ತದೆಂಬುದಕ್ಕೆ ಆಧಾರವಿದೆ. ಅಮೆರಿಕದ ಮಿನ್ನೆಸೋಟದಲ್ಲಿ ಸಾವಿರಾರು ಜನರ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ವರ್ಷಕ್ಕೊಮ್ಮೆ ಮಲಪರೀಕ್ಷೆಯ ಅವಕಾಶ ಪಡೆದವರಲ್ಲಿ ಈ ಕ್ಯಾನ್ಸರಿನಿಂದಾಗುವ ಸಾವು ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿತ್ತು. ಇಂಗ್ಲೆಂಡಿನಲ್ಲಿ 2006ರಿಂದ ಪರೀಕ್ಷೆಯ ಪೊಟ್ಟಣವನ್ನು ಅಂಚೆಯಲ್ಲಿ ಮನೆಗೇ ಕಳುಹಿಸುತ್ತಾರೆ. 2019ರಲ್ಲಿ, ಹಲವು ಮಾದರಿಗಳ ಬದಲು ಒಂದೇ ಮಾದರಿ ಸಾಕಾಗುವ ಹೊಸ ಪರೀಕ್ಷೆ ತಂದರು. ಕೆಲಸ ಸುಲಭವಾದ ಕೂಡಲೇ ಮಾದರಿ ಕಳುಹಿಸುವವರ ಸಂಖ್ಯೆಯೂ ಹೆಚ್ಚಾಯಿತು. ಕಾಲುಬಾಯಿ ಜ್ವರದ ಲಸಿಕೆ ನೆನಪು ಮಾಡಿಕೊಳ್ಳಿ. ದಿನ ಗೊತ್ತು ಮಾಡಿ, ಮನೆ ಬಾಗಿಲಿಗೇ ಬಂದು ಹಾಕುವುದರಿಂದಲೇ ಅಲ್ಲವೇ ನಾವು ತಪ್ಪಿಸುವುದಿಲ್ಲ?

ನಮ್ಮ ದೇಶದಲ್ಲಿ 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲಿ ಸೇರಿದೆ. ಆರೋಗ್ಯ ಕೇಂದ್ರದಲ್ಲಿ ಅದನ್ನು ತಪ್ಪದೆ ಮಾಡಿಸಿಕೊಳ್ಳಿ. ಕರುಳಿನ ಕ್ಯಾನ್ಸರ್ ಆ ಪಟ್ಟಿಯಲ್ಲಿಲ್ಲ. ಪಾಶ್ಚಾತ್ಯ ದೇಶಗಳಿಗಿಂತ ನಮ್ಮಲ್ಲಿ ಈ ರೋಗ ಕಡಿಮೆ ಎಂಬುದೂ ನಿಜ. ಆದ್ದರಿಂದ ನಮ್ಮನ್ನು ಯಾರೂ ಕರೆಯುವುದಿಲ್ಲ, ನಾವೇ ಕೇಳಬೇಕು.

ಕೇಳಬೇಕಾದವರು ಯಾರು? 50ರ ಆಸುಪಾಸಿನವರು ಮಲಪರೀಕ್ಷೆಯ ಬಗ್ಗೆ ವೈದ್ಯರನ್ನು ವಿಚಾರಿಸಿ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ 40ಕ್ಕೇ, ಅಥವಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲೇ ವೈದ್ಯರನ್ನು ಕಾಣಿ. ಅಣ್ಣನ ನಂತರ ನಾನೂ ಕೊಲೊನೋಸ್ಕೋಪಿ ಮಾಡಿಸಿಕೊಂಡೆ. ಹಿಂದಿನ ದಿನ ಭೇದಿ ಔಷಧಿ ಕುಡಿದು ಹೊಟ್ಟೆ ಖಾಲಿ ಮಾಡಿಕೊಳ್ಳುವುದೇ ಕಷ್ಟ, ಉಳಿದದ್ದು ಏನಿಲ್ಲ.

ಇನ್ನೊಂದು ಮಾತು ಮುಖ್ಯ. ಕಣ್ಣಿಗೇ ರಕ್ತ ಕಾಣುತ್ತಿದ್ದರೆ, ಮಲವಿಸರ್ಜನೆಯ ಕ್ರಮ ಮೂರು ವಾರಕ್ಕಿಂತ ಹೆಚ್ಚು ಕಾಲ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದಿದ್ದರೆ, ರಕ್ತಹೀನತೆ ಇದ್ದರೆ ಮಲಪರೀಕ್ಷೆಗೆ ಕಾಯಬೇಡಿ. ನೇರವಾಗಿ ವೈದ್ಯರ ಬಳಿ ಹೋಗಿ. ಅದು ಮೂಲವ್ಯಾಧಿಯೋ ಅಲ್ಲವೋ ಎಂದು ವೈದ್ಯರು ಹೇಳಲಿ, ನಾವೇ ತೀರ್ಮಾನಿಸುವುದು ಬೇಡ. ರಾಗಿಮುದ್ದೆ, ಸೊಪ್ಪು, ಕಾಳು ಕರುಳಿಗೆ ಒಳ್ಳೆಯದು. ಹಾಲೂ ಒಳ್ಳೆಯದೆಂದೇ ತಜ್ಞರ ಅಭಿಪ್ರಾಯ. ಬೀಡಿ, ಸಾರಾಯಿ ಕೆಟ್ಟದ್ದು. ಹಾಲು ಕುಡಿಯುತ್ತೇವೆಂದು ಪರೀಕ್ಷೆ ಬೇಡ ಎನ್ನುವ ಹಾಗಿಲ್ಲ.

ನಮ್ಮ ಹಾಲು ಜಯನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಮನೆಗಳಿಗೆ ಹೋಗುತ್ತದೆ. ಬೆಂಗಳೂರು ಡೈರಿ ಇರುವ ಮರಿಗೌಡ ರಸ್ತೆಯಲ್ಲೇ 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ದಿನವೂ ನಮ್ಮ ಹಾಲು ಹೋಗುವ ದಾರಿ ಅದು. ಆದರೆ ನಾವು ಆ ದಾರಿ ಹಿಡಿಯುವುದು ಕಾಲ ಮಿಂಚಿದ ಮೇಲೆ. ಖರ್ಚಿನ ಭಯ ಇದ್ದವರು ಒಂದು ವಿಷಯ ತಿಳಿದಿರಲಿ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಕಾರ್ಡು ಈಗಲೇ ಮಾಡಿಸಿಟ್ಟುಕೊಳ್ಳಿ.

ಕೊನೆಯದಾಗಿ ಸಂಘಗಳಿಗೆ ನನ್ನ ವಿನಂತಿ. ಸರ್ವಸದಸ್ಯರ ಸಭೆಯಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಕೊಡಿ. ಬರಡು ರಾಸುಗಳ ಶಿಬಿರ ನಡೆಸುವ ದಿನವೇ ಆರೋಗ್ಯ ಕೇಂದ್ರದ ವೈದ್ಯರನ್ನೂ ಕರೆಯಿಸಿ. ಮಹಿಳಾ ಸಂಘಗಳಲ್ಲಿ ಆಶಾ ಕಾರ್ಯಕರ್ತೆಯರಿಂದ ಮಾತನಾಡಿಸಿ. ಒಬ್ಬರೇ ಹೋಗಲು ಸಂಕೋಚವಾದರೆ ಇಬ್ಬರು ಜೊತೆಯಾಗಿ ಹೋಗಿ. ಪರೀಕ್ಷೆ ಮಾಡಿಸಿಕೊಂಡವರು ಹಾಲು ಹಾಕಲು ಬಂದಾಗ ನಾಲ್ಕು ಜನಕ್ಕೆ ಹೇಳಿ. ಪಕ್ಕದ ಮನೆಯವರು ಹೋಗಿ ಬಂದರೆಂದು ತಿಳಿದರೆ ಉಳಿದವರಿಗೂ ಧೈರ್ಯ ಬರುತ್ತದೆ.

ನಾಳೆ ಬೆಳಿಗ್ಗೆ ಸಗಣಿ ಬಾಚುವಾಗ ಈ ಮಾತು ನೆನಪಾದರೆ ನಾನು ಬಂದದ್ದಕ್ಕೂ ಸಾರ್ಥಕ.