ಮುಚ್ಚಳದಡಿಯ ಕೆನೆ

ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ಕಾರಿನ ಬಾನೆಟ್ ಎತ್ತಿ, ಎಂಜಿನ್ನಿಗೆ ಆಯಿಲ್ ಹಾಕುವ ಬಾಯಿಯ ಮುಚ್ಚಳ ತಿರುಗಿಸಿ ತೆಗೆದರೆ, ಅದರ ಒಳಮೈಗೆ ತಿಳಿಕಂದು ಬಣ್ಣದ, ಕೆನೆಯಂಥ ಲೋಳೆ ಮೆತ್ತಿಕೊಂಡಿರುವುದು ಅಪರೂಪವಲ್ಲ. ಬೆರಳಲ್ಲಿ ಸವರಿದರೆ ನುಣ್ಣಗೆ ಬರುತ್ತದೆ. ಅಂಚಿನಲ್ಲಿ ಒಂದೆರಡು ನೀರಹನಿಯೂ ಕೂತಿರುತ್ತದೆ. ಮೊದಲ ಸಲ ಕಂಡವರ ಎದೆ ಧಸಕ್ಕೆನ್ನುವುದು ಸಹಜ. ಆಯಿಲಿಗೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಇನ್ನು ಎಂಜಿನ್ ಬಿಚ್ಚದೆ ವಿಧಿಯಿಲ್ಲ ಎಂಬ ತೀರ್ಮಾನ ನಿಂತ ನಿಲುವಿನಲ್ಲೇ ಆಗಿಬಿಡುತ್ತದೆ. ಇದರಲ್ಲಿ ಮೊದಲ ಮಾತು ನಿಜ: ನೀರು ಸೇರಿದೆ. ಆದರೆ ಆ ನೀರು ಎಲ್ಲಿಂದ ಬಂತು ಎಂಬುದನ್ನು ಮುಚ್ಚಳವೊಂದೇ ಹೇಳಲಾರದು. ಹೆಚ್ಚಿನ ಸಲ ಅದು ಎಂಜಿನ್ನಿನ ಕಾಯಿಲೆಗಿಂತ ಕಾರು ಓಡಿಸುವ ರೀತಿಯನ್ನೇ ಹೇಳುತ್ತಿರುತ್ತದೆ.

ನೀರಿಗೆ ಎಂಜಿನ್ನಿನೊಳಗೆ ಬರಲು ಸೋರುವ ದಾರಿಯೇ ಬೇಕೆಂದಿಲ್ಲ. ಪೆಟ್ರೋಲಿನಲ್ಲಿರುವ ಜಲಜನಕ ಉರಿಯುವಾಗ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹುಟ್ಟುವ ನೀರು ಹೆಚ್ಚುಕಡಿಮೆ ಒಂದು ಲೀಟರೇ. ನಂಬಲು ಕಷ್ಟವೆನಿಸಿದರೆ, ಚಳಿಯ ಬೆಳಗ್ಗೆ ಆಗತಾನೆ ಶುರುವಾದ ಕಾರಿನ ಸೈಲೆನ್ಸರ್ ತುದಿಯಿಂದ ತೊಟ್ಟಿಕ್ಕುವ ಹನಿಗಳನ್ನು ನೋಡಿ. ಸಿಎನ್‌ಜಿ ಕಾರಾದರೆ ಇನ್ನೂ ಹೆಚ್ಚು: ಆ ಅನಿಲದ ಬಹುಪಾಲು ಮೀಥೇನ್, ಒಂದು ಕಿಲೋ ಮೀಥೇನ್ ಉರಿದರೆ ಎರಡೂಕಾಲು ಕಿಲೋ ನೀರು ಹುಟ್ಟುತ್ತದೆ. ಈ ನೀರೆಲ್ಲ ಆವಿಯಾಗಿ ಸೈಲೆನ್ಸರಿನಲ್ಲಿ ಹೊರಟುಹೋಗಬೇಕು, ಬಹುತೇಕ ಹೋಗುತ್ತದೆ ಕೂಡ. ಆದರೆ ಪಿಸ್ಟನ್ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಅವುಗಳ ಸಂದಿನಿಂದ ಸ್ವಲ್ಪ ಹೊಗೆ ಕೆಳಕ್ಕೆ ನುಸುಳಿ ಆಯಿಲ್ ಇರುವ ಕೋಣೆಗೆ ಇಳಿಯುತ್ತದೆ. ಹೊಚ್ಚಹೊಸ ಎಂಜಿನ್ನಿನಲ್ಲೂ ಇದು ತಪ್ಪದು. ಆ ಹೊಗೆಯ ಜೊತೆಯಲ್ಲೇ ನೀರಾವಿಯೂ ಇಳಿಯುತ್ತದೆ.

ಹಾಗೆ ಇಳಿದ ಆವಿ ತಣ್ಣನೆಯ ಜಾಗ ಹುಡುಕುತ್ತದೆ. ಎಂಜಿನ್ನಿನಲ್ಲಿ ಎಲ್ಲಕ್ಕಿಂತ ಮೇಲೆ, ಉರಿಯಿಂದ ದೂರ, ಹೊರಗಾಳಿಗೆ ಮೈಯೊಡ್ಡಿ ಕೂತಿರುವುದು ಆಯಿಲ್ ಮುಚ್ಚಳ. ಆವಿ ಹನಿಗಟ್ಟಲು ಅದಕ್ಕಿಂತ ತಕ್ಕ ಜಾಗವಿಲ್ಲ. ಆಯಿಲಿನಲ್ಲಿ ಕೊಳೆಯನ್ನು ತೇಲಿಸಿಡಲೆಂದು ಬೆರೆಸಿರುವ ರಾಸಾಯನಿಕಗಳಿರುತ್ತವೆ. ಅವು ಈ ಹನಿಗಳನ್ನೂ ಹಿಡಿದುಕೊಳ್ಳುವುದರಿಂದ ನೀರೂ ಎಣ್ಣೆಯೂ ಬೇರ್ಪಡದೆ ಕೆನೆಯಾಗುತ್ತವೆ. ಎಂಜಿನ್ ಚೆನ್ನಾಗಿ ಕಾದು ಆಯಿಲ್ 90–100 ಡಿಗ್ರಿಯ ಆಸುಪಾಸಿನಲ್ಲಿ ಸಾಕಷ್ಟು ಹೊತ್ತು ಇದ್ದರೆ ಈ ನೀರು ಮತ್ತೆ ಆವಿಯಾಗಿ, ಪಿಸಿವಿ ವಾಲ್ವ್ ಎಂಬ ಪುಟ್ಟ ದಾರಿಯಲ್ಲಿ ಎಂಜಿನ್ನಿನ ಉಸಿರಿನೊಳಕ್ಕೇ ಎಳೆಯಲ್ಪಟ್ಟು ಸುಟ್ಟುಹೋಗುವ ಗಾಳಿಯ ಜೊತೆ ಹೊರಬೀಳುತ್ತದೆ. ಮನೆಯಿಂದ ಮಕ್ಕಳ ಶಾಲೆಗೆ ಎರಡು ಕಿಲೋಮೀಟರ್, ಅಲ್ಲಿಂದ ಪೇಟೆಗೆ ಒಂದು, ಮತ್ತೆ ಮನೆ ಎಂದು ಓಡುವ ಕಾರಿಗೆ ಆ ಹೊತ್ತೇ ಸಿಗುವುದಿಲ್ಲ. 'ಮೀಟರಿನ ಮುಳ್ಳು ನಡುವಿಗೆ ಬಂದಿತ್ತಲ್ಲ' ಎಂದು ಯಾರಾದರೂ ಕೇಳಬಹುದು. ಆ ಮುಳ್ಳು ತೋರಿಸುವುದು ಕೂಲಂಟಿನ, ಅಂದರೆ ಎಂಜಿನ್ ತಣಿಸುವ ದ್ರವದ, ಬಿಸಿಯನ್ನು. ಆಯಿಲ್ ಅದಕ್ಕಿಂತ ಬಹಳ ನಿಧಾನವಾಗಿ ಕಾಯುತ್ತದೆ. ಹಾಗೆಂದು ಅಂಗಳದಲ್ಲೇ ಎಂಜಿನ್ ಶುರುಮಾಡಿ ಬಿಟ್ಟರೆ ಕೆಲಸವಾಗದು. ಭಾರವಿಲ್ಲದೆ ತಿರುಗುವ ಎಂಜಿನ್ ಸಾಕಷ್ಟು ಕಾಯುವುದಿಲ್ಲ, ಪೆಟ್ರೋಲ್ ಮಾತ್ರ ಖರ್ಚು.

ಹೆಡ್ ಗ್ಯಾಸ್ಕೆಟ್ ಹೋಗುವುದೇ ಇಲ್ಲ ಎಂದು ಇದರ ಅರ್ಥವಲ್ಲ. ಸಿಲಿಂಡರ್ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಇರುವ ಆ ತೆಳು ಪದರ ಉರಿಯುವ ಅನಿಲ, ಆಯಿಲ್, ಕೂಲಂಟ್ ಮೂರನ್ನೂ ಬೇರೆಬೇರೆಯಾಗಿ ಹಿಡಿದಿಡಬೇಕು. ಎಂಜಿನ್ ಮಿತಿಮೀರಿ ಕಾದಾಗ ಅದು ಸೋಲುತ್ತದೆ. ಆಗ ಆಯಿಲಿಗೆ ಸೇರುವುದು ಹನಿ ಲೆಕ್ಕದ ನೀರಲ್ಲ. ಆದ್ದರಿಂದ ಸಾಕ್ಷ್ಯವನ್ನು ಮುಚ್ಚಳದಾಚೆ ಹುಡುಕಬೇಕು. ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ. ತುದಿಯಲ್ಲಿರುವ ಆಯಿಲ್ ಎಂದಿನಂತೆ ಜೇನಿನ ಬಣ್ಣವೋ ಕಪ್ಪೋ ಆಗಿದ್ದು, ಮಟ್ಟ ಗೆರೆಯೊಳಗಿದ್ದರೆ ಕೆನೆ ಮೇಲಷ್ಟೇ ಇದೆ ಎಂದಾಯಿತು. ಅಲ್ಲೂ ಬಿಳಿಚಿಕೊಂಡಿದ್ದರೆ, ಅಥವಾ ಯಾರೂ ಹಾಕದಿದ್ದರೂ ಆಯಿಲಿನ ಮಟ್ಟ ಏರಿದ್ದರೆ ಮಾತು ಬೇರೆ. ಆಮೇಲೆ, ಎಂಜಿನ್ ತಣ್ಣಗಿರುವಾಗ ಕೂಲಂಟ್ ಡಬ್ಬಿಯ ಮಟ್ಟಕ್ಕೆ ಒಂದು ಗುರುತು ಹಾಕಿ ಒಂದೆರಡು ವಾರ ಗಮನಿಸಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬಾರದು, ಕುದಿಯುವ ನೀರು ಚಿಮ್ಮುತ್ತದೆ. ಹೊರಗೆಲ್ಲೂ ಸೋರದೆ ಕೂಲಂಟ್ ಇಳಿಯುತ್ತಿದ್ದರೆ ಅದು ಒಳಗೇ ಎಲ್ಲೋ ಹೋಗುತ್ತಿದೆ. ಎಂಜಿನ್ ಕಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ, ಕೂಲಂಟಿನಲ್ಲಿ ಬಿಡದೆ ಏಳುವ ಗುಳ್ಳೆ ಇವೂ ಅದೇ ದಿಕ್ಕಿನ ಸಾಕ್ಷ್ಯ. ಗ್ಯಾರೇಜಿನಲ್ಲಿ ಇನ್ನೊಂದು ಪರೀಕ್ಷೆಯುಂಟು: ಕೂಲಂಟಿನ ಮೇಲಿನ ಗಾಳಿಯನ್ನು ನೀಲಿ ದ್ರವವೊಂದರ ಮೂಲಕ ಹಾಯಿಸುತ್ತಾರೆ, ಉರಿದ ಅನಿಲ ಅದರಲ್ಲಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಹೆಡ್ ಬಿಚ್ಚುವ ಮಾತು ಬರಬೇಕಾದದ್ದು ಇಷ್ಟೆಲ್ಲ ಆದ ಮೇಲೆ.

'ಅನುಮಾನ ಯಾಕೆ, ಬಿಚ್ಚಿ ನೋಡಿಬಿಡೋಣ' ಎನ್ನುವವರ ಕಾಳಜಿಯನ್ನು ಹಗುರವಾಗಿ ತೆಗೆದುಕೊಳ್ಳಬೇಕಿಲ್ಲ. ನಿಜವಾಗಿ ಗ್ಯಾಸ್ಕೆಟ್ ಹೋಗಿದ್ದರೆ ತಡಮಾಡಿದಷ್ಟೂ ನಷ್ಟ. ಆದರೆ ಹೆಡ್ ಎತ್ತಿದ ಮೇಲೆ ಚೆನ್ನಾಗಿದ್ದ ಗ್ಯಾಸ್ಕೆಟ್ಟನ್ನೂ ಮತ್ತೆ ಹಾಕುವಂತಿಲ್ಲ, ಹಲವು ಎಂಜಿನ್ನುಗಳಲ್ಲಿ ಬೋಲ್ಟುಗಳೂ ಹೊಸದೇ ಬೇಕು, ಟೈಮಿಂಗ್ ಬೆಲ್ಟೋ ಚೈನೋ ಕಳಚಿ ಕೂಡಿಸಬೇಕು. ಕೂಲಂಟ್ ಮಟ್ಟ ನೋಡುವುದಕ್ಕೆ ಕಾಸೂ ಖರ್ಚಿಲ್ಲದಿರುವಾಗ ಅಲ್ಲಿಗೆ ಹಾರುವುದು ಎಚ್ಚರಿಕೆಯಲ್ಲ, ಅವಸರ. ಹಳೆ ಕಾರು ಕೊಳ್ಳುವವರು ಇದೇ ತಪ್ಪನ್ನು ತಲೆಕೆಳಗಾಗಿ ಮಾಡುತ್ತಾರೆ. ಮುಚ್ಚಳ ತೆಗೆದು, ಒಳಗೆ ಫಳಫಳ ಎನ್ನುವುದನ್ನು ಕಂಡು ಸಮಾಧಾನಪಡುತ್ತಾರೆ. ಮಾರುವವರ ಕೈಲಿ ಒಂದು ಬಟ್ಟೆಚೂರು ಇರಲಾರದೇ? ಬಟ್ಟೆಯ ಮಾತು ಬಿಡಿ, ಗ್ಯಾಸ್ಕೆಟ್ ಎರಡು ಸಿಲಿಂಡರುಗಳ ನಡುವೆಯೋ, ಸಿಲಿಂಡರಿಗೂ ಕೂಲಂಟ್ ದಾರಿಗೂ ನಡುವೆಯೋ ಹರಿದಿದ್ದರೆ ಆಯಿಲಿಗೆ ಹನಿ ನೀರೂ ಸೇರದೆ ಎಂಜಿನ್ ಹಾಳಾಗಬಹುದು. ಅಂದಮೇಲೆ ಕೆನೆ ಇದ್ದದ್ದೂ ಇಲ್ಲದ್ದೂ ಒಂದೊಂದೇ ಆಗಿ ಏನನ್ನೂ ಸಾಬೀತು ಮಾಡುವುದಿಲ್ಲ.

ಆವಿಯಿಂದಾದ ಕೆನೆ ನಿರುಪದ್ರವಿ ಎನ್ನಲೂ ಬಾರದು. ಸದಾ ನೀರು ಬೆರೆತೇ ಇರುವ ಆಯಿಲಿನಲ್ಲಿ ಆಮ್ಲ ಕೂಡುತ್ತದೆ, ಒಳಭಾಗಗಳಿಗೆ ತುಕ್ಕು ಹತ್ತುತ್ತದೆ. ಅದಕ್ಕೇ ಕಂಪನಿಯ ಕೈಪಿಡಿಗಳು ಸಣ್ಣ ದೂರದ ಓಟವನ್ನು ಕಠಿಣ ಬಳಕೆ ಎಂದೇ ಎಣಿಸಿ, ಆಯಿಲನ್ನು ಬೇಗ ಬದಲಿಸಲು ಹೇಳುವುದು. ಕೆನಡಾದಂಥ ಕೊರೆಯುವ ಚಳಿಯ ನಾಡಿನಲ್ಲಿ ಇದೇ ಕೆನೆ ಉಸಿರುಕೊಳವೆಯೊಳಗೆ ಹೆಪ್ಪುಗಟ್ಟಿ, ಒಳಗಿನ ಒತ್ತಡ ಏರಿ, ಸೀಲುಗಳ ಮೂಲಕ ಆಯಿಲನ್ನು ಹೊರದೂಡುವುದುಂಟು. ನಮ್ಮಲ್ಲಿ ಅಷ್ಟರಮಟ್ಟಿಗೆ ಹೋಗದು. ಮುಚ್ಚಳವನ್ನು ಒರೆಸಿ, ಹೆದ್ದಾರಿಯಲ್ಲಿ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಒಂದೆರಡು ಸಲ ಓಡಿಸಿ ಮತ್ತೆ ತೆರೆದು ನೋಡಬೇಕು. ಕೆನೆ ಮಾಯವಾಗಿದ್ದರೆ ಕಾರಣ ಗೊತ್ತಾದಂತೆ. ದೂರದ ಓಟದ ನಂತರವೂ ಮರುಕಳಿಸಿದರೆ ಪಿಸಿವಿ ವಾಲ್ವ್ ಕಟ್ಟಿಕೊಂಡಿದೆಯೇ ಎಂದು ನೋಡಿಸಬೇಕು. ಅದು ಸಣ್ಣ ಬಿಡಿಭಾಗ, ಬದಲಿಸುವುದು ದೊಡ್ಡ ಕೆಲಸವಲ್ಲ. ಮುಚ್ಚಳದಡಿ ಕೆನೆಯ ಬದಲು ಕಪ್ಪು ಗಟ್ಟಿ ಹಕ್ಕಳೆ ಕಂಡರೆ ಅದಕ್ಕೂ ನೀರಿಗೂ ಹೆಚ್ಚಿನ ಸಂಬಂಧವಿಲ್ಲ, ಬಹಳ ಕಾಲ ಆಯಿಲ್ ಬದಲಿಸದ ಗುರುತು ಅದು.

ಇನ್ನು ಡಿಪ್‌ಸ್ಟಿಕ್ಕೂ ಬಿಳಿಚಿ, ಕೂಲಂಟೂ ಇಳಿದಿದ್ದರೆ, 'ಗ್ಯಾರೇಜಿನವರೆಗೆ ಓಡಿಸಿಕೊಂಡು ಹೋಗುತ್ತೇನೆ' ಎನ್ನಬೇಡಿ. ಕ್ರ್ಯಾಂಕ್ ಬೇರಿಂಗುಗಳನ್ನು ಲೋಹಕ್ಕೆ ಲೋಹ ಉಜ್ಜದಂತೆ ಕಾಯುವುದು ಆಯಿಲಿನ ತೆಳುಪೊರೆ, ನೀರು ಸೇರಿದ ಆಯಿಲಿಗೆ ಆ ಶಕ್ತಿ ಇರುವುದಿಲ್ಲ. ಗ್ಯಾಸ್ಕೆಟ್ಟಿನಲ್ಲಿ ಮುಗಿಯಬೇಕಾದ ಖರ್ಚು ಕ್ರ್ಯಾಂಕಿನವರೆಗೆ ಬೆಳೆಯಲು ಸ್ವಲ್ಪ ದೂರದ ಓಟವೇ ಸಾಕಾಗಬಹುದು. ಅಂಥ ಕಾರನ್ನು ಶುರುಮಾಡದೆ, ಟೋಯಿಂಗ್ ಗಾಡಿ ಕರೆಸಿ ಎತ್ತಿಸಿಕೊಂಡೇ ಹೋಗಬೇಕು.