ತಾಳೆಯಾದ ಲೆಕ್ಕ

ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಜರು ಬರೆದವನು ನಾನು. ಓದಿದ್ದು ಮ್ಯಾಟ್ರಿಕ್. ಇಂಥವನಿಗೆ ಅಮೆರಿಕದ ವಿಜ್ಞಾನ ಕಾದಂಬರಿಗೂ ಅದರ ಮೇಲೆ ತೆಗೆದ ಭಾರೀ ಸಿನಿಮಾಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಆ ಸಂಬಂಧ ಬೆಳೆದದ್ದು ಒಂದು ಲೆಕ್ಕದಿಂದ. ಅದನ್ನೇ ಇವತ್ತು ಹೇಳಬೇಕೆಂದಿದ್ದೇನೆ.

‘ಜುರಾಸಿಕ್ ಪಾರ್ಕ್’ ಸಿನಿಮಾ ನಮ್ಮ ದೇಶಕ್ಕೆ 1994ರಲ್ಲಿ ಬಂತು. ಸೊಲ್ಲಾಪುರದಲ್ಲಿ ನಾವು ಅದನ್ನು ನೋಡಿದ್ದು ಹಿಂದಿಯಲ್ಲಿ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಟಾಕೀಜಿನಲ್ಲಿ ಹಿಂದಿ. ಡೈನೊಸಾರ್ ಒಂದೇ ಯಾವ ಭಾಷೆಯ ಹಂಗೂ ಇಲ್ಲದೆ ಕೂಗಿತು. ನನ್ನ ಮಗ ಕುರ್ಚಿಯ ಕೆಳಗೆ ಸೇರಿಕೊಂಡ. ನಾನೂ ಹೆದರಿದೆನೆಂದು ಒಪ್ಪಿಕೊಳ್ಳುವುದಕ್ಕೆ ಈಗ ನಾಚಿಕೆಯಿಲ್ಲ.

ಎರಡು ವರ್ಷದ ಮೇಲೆ ರದ್ದಿ ಅಂಗಡಿಯಲ್ಲಿ ಮೂಲ ಕಾದಂಬರಿ ಸಿಕ್ಕಿತು. ಮೈಕೆಲ್ ಕ್ರೈಟನ್ 1990ರಲ್ಲಿ ಬರೆದದ್ದು. ಆತ ವೈದ್ಯಕೀಯ ಓದಿ ಲೇಖಕನಾದವನು. ನಿಘಂಟು ಪಕ್ಕಕ್ಕಿಟ್ಟುಕೊಂಡು ನಾಲ್ಕು ತಿಂಗಳು ಓದಿದೆ. ಓದುತ್ತ ಹೋದಂತೆ, ನಾನು ನೋಡಿದ ಸಿನಿಮಾ ಈ ಪುಸ್ತಕದ್ದೇ ಹೌದೋ ಅಲ್ಲವೋ ಎಂಬ ಅನುಮಾನ ಶುರುವಾಯಿತು.

ಸಿನಿಮಾದಲ್ಲಿ ಉದ್ಯಾನದ ಯಜಮಾನ ಹ್ಯಾಮಂಡ್ ಬಿಳಿಗಡ್ಡದ ಅಕ್ಕರೆಯ ಅಜ್ಜ. ಆ ಪಾತ್ರ ಮಾಡಿದವರು ರಿಚರ್ಡ್ ಅಟೆನ್‌ಬರೋ, 1982ರ ‘ಗಾಂಧಿ’ ಚಿತ್ರದ ನಿರ್ದೇಶಕರು. ಅವರನ್ನು ಕಂಡರೆ ನಮಗೆ ಸಿಟ್ಟು ಬರುವುದೇ ಕಷ್ಟ. ಪುಸ್ತಕದ ಹ್ಯಾಮಂಡ್ ಹಾಗಲ್ಲ, ಪಕ್ಕಾ ದುಡ್ಡಿನ ಮನುಷ್ಯ. ಕೊನೆಗೆ ತಾನೇ ಹುಟ್ಟಿಸಿದ ಸಣ್ಣ ಪ್ರಾಣಿಗಳ ಬಾಯಿಗೆ ಬಿದ್ದು ಸಾಯುತ್ತಾನೆ. ನಿರ್ದೇಶಕ ಸ್ಪೀಲ್‌ಬರ್ಗ್ ಅವನನ್ನು ಬದುಕಿಸಿ ಹೆಲಿಕಾಪ್ಟರ್ ಹತ್ತಿಸಿ ಕಳಿಸಿದರು. ಇದು ನನಗೆ ಸರಿಬರಲಿಲ್ಲ. ಸಾಲ ಮಾಡಿದವನೊಬ್ಬ, ತೀರಿಸಿದವರು ಮತ್ತೊಬ್ಬರು ಎಂಬಂತಾಯಿತು.

ಆದರೆ ಸಿನಿಮಾದವರ ಕಷ್ಟವನ್ನೂ ನೋಡಬೇಕು. ಪುಸ್ತಕದಲ್ಲಿ ಪುಟಗಟ್ಟಲೆ ವಿಜ್ಞಾನವಿದೆ. ಮರದ ಅಂಟಿನೊಳಗೆ ಸಿಕ್ಕಿಬಿದ್ದ ಸೊಳ್ಳೆ, ಅದರ ಹೊಟ್ಟೆಯ ರಕ್ತ, ಆ ರಕ್ತದಿಂದ ಡಿಎನ್‌ಎ. ಚಿತ್ರಕಥೆ ತಿದ್ದಿದ ಡೇವಿಡ್ ಕೆಪ್ ಇದನ್ನೆಲ್ಲ ಒಂದು ಪುಟ್ಟ ಕಾರ್ಟೂನಿಗೆ ಒಪ್ಪಿಸಿದರು. ಪಾತ್ರಗಳ ಜೊತೆ ನಾವೂ ಕೂತು ನೋಡಿ ತಿಳಿದುಕೊಂಡೆವು. ಇದು ಒಳ್ಳೆಯ ಉಪಾಯ. ಮ್ಯಾಟ್ರಿಕ್ ಓದಿದವನಿಗೂ ತಿಳಿಯಿತಲ್ಲ!

ಖರ್ಚಾದದ್ದು ಸುಮಾರು 6 ಕೋಟಿ 30 ಲಕ್ಷ ಡಾಲರು. ಎರಡು ತಾಸು ಮೀರಿದ ಚಿತ್ರದಲ್ಲಿ ಡೈನೊಸಾರ್ ಕಾಣುವುದು ಹೆಚ್ಚೆಂದರೆ ಹದಿನೈದು ನಿಮಿಷ. ಅದರಲ್ಲೂ ಕಂಪ್ಯೂಟರಿನಲ್ಲಿ ಮಾಡಿದ್ದು ಆರೇಳು ನಿಮಿಷದಷ್ಟು. ಮಿಕ್ಕದ್ದು ಸ್ಟ್ಯಾನ್ ವಿನ್‌ಸ್ಟನ್ ತಂಡ ಕಟ್ಟಿದ ಯಂತ್ರದ ಗೊಂಬೆಗಳು. ದೊಡ್ಡ ಟಿ-ರೆಕ್ಸ್ ಸುಮಾರು 40 ಅಡಿ ಉದ್ದ. ಮಳೆಯ ದೃಶ್ಯದಲ್ಲಿ ಅದರ ಸ್ಪಂಜಿನಂಥ ಚರ್ಮ ನೀರು ಕುಡಿದು ಭಾರವಾಗಿ, ಯಂತ್ರವೇ ಗಡಗಡ ನಡುಗತೊಡಗಿತಂತೆ. ಕೆಲಸದವರು ಟವೆಲ್ಲು ತಂದು ಅದರ ಮೈ ಒರೆಸುತ್ತಿದ್ದರು. ಗ್ಲಾಸಿನ ನೀರಿನಲ್ಲಿ ಉಂಗುರ ಏಳುತ್ತದಲ್ಲ, ಅದನ್ನು ತಂದದ್ದು ಕೆಳಗೆ ಕಟ್ಟಿದ ಗಿಟಾರಿನ ಒಂದು ತಂತಿ. ಕೋಟಿಗಳ ಚಿತ್ರದಲ್ಲಿ ನಮ್ಮ ಎದೆ ನಡುಗಿಸಿದ್ದು ಅಗ್ಗದ ತಂತಿ.

ಫಿಲ್ ಟಿಪ್ಪೆಟ್ ಎಂಬ ಕುಶಲಕರ್ಮಿಯ ಕಥೆ ಇನ್ನೊಂದು. ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಚಿತ್ರ ತೆಗೆಯುವುದು ಅವರ ವಿದ್ಯೆ. ಕಂಪ್ಯೂಟರಿನ ಡೈನೊಸಾರ್ ಓಡಿದ್ದನ್ನು ಕಂಡು, ಇನ್ನು ತನ್ನ ಕುಲವೇ ಅಳಿಯಿತು ಎಂಬರ್ಥದ ಮಾತಾಡಿದರಂತೆ. ಸ್ಪೀಲ್‌ಬರ್ಗ್ ಆ ಮಾತನ್ನು ಪಾತ್ರದ ಬಾಯಲ್ಲಿ ಹಾಕಿಸಿದರು; ಅವರನ್ನೂ ಬಿಡದೆ ಪ್ರಾಣಿಗಳ ನಡಿಗೆ ಕಲಿಸಲು ಇಟ್ಟುಕೊಂಡರು. ನಮ್ಮ ಶಾಖೆಗೆ ಕಂಪ್ಯೂಟರು ಬಂದ ದಿನ ನಾವು ಗುಮಾಸ್ತರು ಚಹದಂಗಡಿಯಲ್ಲಿ ಆಡಿಕೊಂಡದ್ದೂ ಇದೇ ಮಾತು.

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ. ಪುಸ್ತಕದಲ್ಲಿ ಉದ್ಯಾನದ ಪ್ರಾಣಿಗಳನ್ನು ಕಂಪ್ಯೂಟರು ಎಣಿಸುತ್ತದೆ. ಇರಬೇಕಾದದ್ದು 238. ಪ್ರತಿ ಸಲವೂ 238 ಎಂದೇ ತೋರಿಸುತ್ತದೆ. ಎಲ್ಲರಿಗೂ ಸಮಾಧಾನ. ಮಾಲ್ಕಮ್ ಎಂಬ ಗಣಿತಜ್ಞ ಮಾತ್ರ ಒಂದು ಹೆಚ್ಚು ಹುಡುಕಿರಿ ಎನ್ನುತ್ತಾನೆ. ಸಿಗುತ್ತದೆ! ಕೊನೆಗೆ 300 ಹುಡುಕಲು ಹೇಳಿದಾಗ 292 ಬರುತ್ತದೆ. ಎಂಟಿರಬೇಕಾದ ವೆಲೊಸಿರಾಪ್ಟರ್ 37 ಆಗಿವೆ. ಪ್ರಾಣಿ ತಪ್ಪಿಸಿಕೊಂಡು ಕಡಿಮೆಯಾದಾವು ಎಂಬ ಅಂಜಿಕೆಯಲ್ಲಿ ಯಂತ್ರವನ್ನು ಹೊಂದಿಸಿದ್ದರು. ಹೆಚ್ಚಾದಾವು ಎಂದು ಯಾರೂ ನೆನೆದಿರಲಿಲ್ಲ. ಬೇಕಾದ ಸಂಖ್ಯೆ ಸಿಕ್ಕ ಕೂಡಲೆ ಅದು ಎಣಿಕೆ ನಿಲ್ಲಿಸುತ್ತಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಂಬತ್ತರ ದಶಕದ ಕೊನೆಗೆ ಬೀಡಿ ಕಟ್ಟುವ ಹೆಣ್ಣುಮಗಳೊಬ್ಬಳು ನಮ್ಮ ಕೌಂಟರಿಗೆ ಬಂದಿದ್ದಳು. ಮಗಳ ಬಾಣಂತನಕ್ಕೆ ಆರುನೂರು ರೂಪಾಯಿ ತೆಗೆಯಬೇಕಿತ್ತು. ಲೆಜರಿನಲ್ಲಿ ಅಷ್ಟು ಇರಲಿಲ್ಲ. “ಸಾಹೇಬ್ರ, ನಾ ಕಟ್ಟೇನ್ರಿ ರೊಕ್ಕಾ. ನಿಮ್ಮ ಪುಸ್ತಕದಾಗ ಇಲ್ಲಂದ್ರ ನಾ ಏನ ಮಾಡ್ಲಿ?” ಎಂದಳು. ಪಾವತಿ ಮಳೆಯಲ್ಲಿ ತೊಯ್ದು ಹೋಗಿತ್ತು. ನಾನು ತಿಂಗಳ ತಾಳೆಪಟ್ಟಿ ತೆಗೆದು, “ಬಾಯಿ, ಪೈಸೆಗೆ ಪೈಸೆ ಕೂಡೇದ, ನಿನಗ ನೆನಪ ತಪ್ಪೇದ” ಎಂದು ಕಳಿಸಿದೆ. ಹನ್ನೊಂದು ದಿನದ ಮೇಲೆ ವೋಚರಿನ ಕಟ್ಟು ಬಿಚ್ಚಿ ನೋಡಿದರೆ, ಆಕೆಯ ರೊಕ್ಕವನ್ನು ಅದೇ ಹೆಸರಿನ ಬೇರೊಬ್ಬಳ ಖಾತೆಗೆ ಬರೆದಿತ್ತು. ಬರೆದ ಕೈ ನನ್ನದೇ. ಒಟ್ಟು ಮೊತ್ತ ಕೂಡದೆ ಏನಾದೀತು? ಒಂದು ಪುಟದ್ದು ಮತ್ತೊಂದು ಪುಟದಲ್ಲಿತ್ತಷ್ಟೆ. ಅಷ್ಟರಲ್ಲಿ ಆಕೆ ಬಡ್ಡಿಗೆ ಸಾಲ ತಂದಾಗಿತ್ತು. ಆ ಬಡ್ಡಿ ನಾನು ಕೊಡುತ್ತೇನೆಂದೆ. ಆಕೆ ತೆಗೆದುಕೊಳ್ಳಲಿಲ್ಲ.

ಸಿನಿಮಾದಲ್ಲಿ ಈ ಎಣಿಕೆಯ ಪ್ರಸಂಗವೇ ಇಲ್ಲ. ಅದರ ಬದಲು ಗ್ರಾಂಟ್ ಮಕ್ಕಳ ಜೊತೆ ಹೋಗುವಾಗ ಒಡೆದ ಮೊಟ್ಟೆಯ ಚಿಪ್ಪು ಕಾಣುತ್ತಾನೆ. ಪ್ರಾಣಿಗಳು ತಾವೇ ಮರಿ ಹಾಕುತ್ತಿವೆ ಎಂಬುದು ಒಂದೇ ನೋಟದಲ್ಲಿ ತಿಳಿಯುತ್ತದೆ. ಪರದೆಗೆ ಅದೇ ಸರಿ ಎಂದು ನನ್ನ ಮಗ ವಾದಿಸುತ್ತಾನೆ. ಅಂಕಿಗಳ ಪಟ್ಟಿ ನೋಡಲು ಯಾರು ಟಿಕೀಟು ತೆಗೆಯುತ್ತಾರೆ, ಅಪ್ಪಾ ಎಂದು ಕೇಳುತ್ತಾನೆ. ನಾನು ತೆಗೆಯುತ್ತಿದ್ದೆ. ಪುಸ್ತಕದಲ್ಲಿ ಅತ್ಯಂತ ಭಯಂಕರವಾದದ್ದು ಆ ಪಟ್ಟಿಯೇ. ಅಲ್ಲಿ ಹಲ್ಲೂ ಇಲ್ಲ, ಉಗುರೂ ಇಲ್ಲ.

ಮೊದಲ ಚಿತ್ರದಲ್ಲಿ ಬಿಟ್ಟದ್ದನ್ನು ಅವರು ಆಮೇಲೆ ಒಂದೊಂದಾಗಿ ಬಳಸಿಕೊಂಡರು. ಹಾರುವ ಪ್ರಾಣಿಗಳ ದೊಡ್ಡ ಪಂಜರ 2001ರ ಮೂರನೆಯ ಚಿತ್ರದಲ್ಲಿ ಬಂತು. ನದಿಯಲ್ಲಿ ತೆಪ್ಪದ ಬೆನ್ನುಹತ್ತುವ ಟಿ-ರೆಕ್ಸ್ 2025ರಲ್ಲಿ, ಏಳನೆಯ ಚಿತ್ರದಲ್ಲಿ ಬಂತು. ಅದನ್ನು ಮೊಮ್ಮಗನ ಜೊತೆ ಕೂತು ನೋಡಿದೆ. ತೆಪ್ಪ ಕಂಡ ಕೂಡಲೆ “ಇದು ಪುಸ್ತಕದಾಗ ಐತಿ” ಎಂದು ಜೋರಾಗಿಯೇ ಅಂದುಬಿಟ್ಟೆ, ಮುಂದಿನ ಸಾಲಿನವರು ತಿರುಗಿ ನೋಡಿದರು. 238ರ ಪಟ್ಟಿ ಮಾತ್ರ ಆ ಸಲವೂ ಬರಲಿಲ್ಲ.